ನಾಯಿ ಕಚ್ಚಿದರೆ ಗಾಯದ ಜೊತೆ ಸಾಕ್ಷಿಯನ್ನೂ ಜೋಪಾನ ಮಾಡಿ

ಮೊದಲು ಗಾಯ ತೊಳೆಯಿರಿ. ಸೋಪು ಹಚ್ಚಿ, ಹರಿಯುವ ನೀರಿನಲ್ಲಿ, ಗಡಿಯಾರ ನೋಡಿಕೊಂಡು 15 ನಿಮಿಷ. ಆಮೇಲೆ ಸೀದಾ ಆಸ್ಪತ್ರೆಗೆ. "ನಮ್ಮ ನಾಯಿಗೆ ಇಂಜೆಕ್ಷನ್ ಆಗಿದೆ, ಏನೂ ಆಗಲ್ಲ ಬಿಡಿ" ಅಂತ ಮಾಲೀಕರು ಹೇಳಿದ್ದನ್ನು ನಂಬಿ ಮನೆಗೆ ಹೋಗಬೇಡಿ. ರೇಬಿಸ್ ಲಕ್ಷಣ ಶುರುವಾದ ಮೇಲೆ ಬದುಕುವುದು ಇಲ್ಲವೆನ್ನುವಷ್ಟು ಅಪರೂಪ.

ನಾಯಿಯ ಮಾಲೀಕರಿಂದ ಪರಿಹಾರ ಕೇಳುವ ಕೇಸಿನ ಕೆಲಸ ಶುರುವಾಗುವುದೂ ಇದೇ ಆಸ್ಪತ್ರೆಯಲ್ಲಿ. ಚೀಟಿಯಲ್ಲಿ ಬರೀ 'ಗಾಯ' ಅಂತಿದ್ದರೆ ಸಾಲದು. ನಾಯಿ ಕಡಿತ, ದಿನಾಂಕ, ಗಂಟೆ, ಎಲ್ಲೆಲ್ಲಿ, ಎಷ್ಟು ಹಲ್ಲಿನ ಗುರುತು, ಎಷ್ಟು ಆಳ ಎಲ್ಲವನ್ನೂ ಬರೆಸಿಕೊಳ್ಳಿ. ಪಟ್ಟಿ ಕಟ್ಟುವ ಮುಂಚೆ ಫೋಟೋ ತೆಗೆಸಿ, ಆಮೇಲೂ ಗಾಯ ಮಾಯುವ ತನಕ ಆಗಾಗ ತೆಗೆಯುತ್ತಿರಿ. ಇದೆಲ್ಲ ಅತಿಯಾಯಿತು ಅನ್ನಿಸುತ್ತಾ? 2023ರಲ್ಲಿ ಪಂಜಾಬ್ ಮತ್ತು ಹರಿಯಾಣ ಹೈಕೋರ್ಟ್ ಬೀದಿ ನಾಯಿ ಕಡಿತದ ಪರಿಹಾರವನ್ನು ಹಲ್ಲಿನ ಗುರುತು ಲೆಕ್ಕದಲ್ಲೇ ಹೇಳಿತು, ಒಂದಕ್ಕೆ ಕನಿಷ್ಠ 10,000 ರೂಪಾಯಿ. ಫೋಟೋ ಇಲ್ಲದೆ ಮಾಯ್ದುಹೋದ ಗುರುತನ್ನು ಆಮೇಲೆ ಎಣಿಸುವವರು ಯಾರು?

ಮಾಲೀಕರ ಹೆಸರು, ವಿಳಾಸ, ಫೋನ್ ನಂಬರ್ ಅಲ್ಲೇ ತೆಗೆದುಕೊಳ್ಳಿ. ನಾಯಿಯ ಲಸಿಕೆ ಕಾರ್ಡು ಕೇಳಿ. ನೋಡಿದವರ ನಂಬರ್ ಕೂಡ ಬೇಕು. ಹರಿದ ಬಟ್ಟೆ ಒಗೆಯಬೇಡಿ, ಬಿಸಾಡಲೂಬೇಡಿ. ಸಿಸಿಟಿವಿ ಇದ್ದರೆ ಅವತ್ತೇ ಕೇಳಬೇಕು, ಹಳೆಯ ದೃಶ್ಯದ ಮೇಲೆ ಹೊಸದು ತಾನಾಗಿ ರೆಕಾರ್ಡ್ ಆಗುತ್ತಾ ಹೋಗುತ್ತದೆ. ಪೊಲೀಸರಿಗೂ ಸ್ಥಳೀಯ ಆಡಳಿತಕ್ಕೂ ಲಿಖಿತ ದೂರು ಕೊಟ್ಟು ಸ್ವೀಕೃತಿ ಪಡೆಯಿರಿ. ಅದೇ ನಾಯಿಯ ಮೇಲೆ ಹಳೆಯ ದೂರೇನಾದರೂ ಇದ್ದರೆ ಅದು ಹೊರಗೆ ಬರುವುದು ಸಾಮಾನ್ಯವಾಗಿ ಇಲ್ಲೇ.

ಹಳೆಯ ದೂರಿಗೆ ಯಾಕೆ ಇಷ್ಟು ಬೆಲೆ ಅಂದರೆ, ಹೊಣೆ ಯಾರದ್ದು ಎಂಬ ಪ್ರಶ್ನೆಗೆ ಎಲ್ಲ ಕಡೆಯೂ ಒಂದೇ ಉತ್ತರ ಇಲ್ಲ. ಕ್ಯಾಲಿಫೋರ್ನಿಯಾದ ಕಾನೂನಿನಲ್ಲಿ, ನೀವು ಬೀದಿಯಲ್ಲೋ ಅಥವಾ ಹಕ್ಕಿನಿಂದ ಹೋದ ಜಾಗದಲ್ಲೋ ಇದ್ದಾಗ ನಾಯಿ ಕಚ್ಚಿದರೆ ಸಾಕು, ಅದು ಹಿಂದೆ ಯಾರನ್ನೂ ಕಚ್ಚಿರದಿದ್ದರೂ ಮಾಲೀಕರೇ ಹೊಣೆ. ಜರ್ಮನಿಯಲ್ಲೂ ಮನೆಯಲ್ಲಿ ಪ್ರೀತಿಗೆ ಸಾಕಿದ ನಾಯಿಗೆ ಹೆಚ್ಚುಕಡಿಮೆ ಹೀಗೇ. ಇನ್ನು ಕೆಲವು ಕಡೆ, ಈ ನಾಯಿ ಅಪಾಯಕಾರಿ ಅಂತ ಮಾಲೀಕರಿಗೆ ಮೊದಲೇ ಗೊತ್ತಿತ್ತು, ಅಥವಾ ಅವರು ಎಚ್ಚರ ತಪ್ಪಿದರು, ಅಂತ ನೀವೇ ತೋರಿಸಬೇಕು. ಭಾರತದಲ್ಲಿ ಪ್ರಾಣಿಯನ್ನು ನಿರ್ಲಕ್ಷ್ಯದಿಂದ ಇಟ್ಟುಕೊಳ್ಳುವುದು ಭಾರತೀಯ ನ್ಯಾಯ ಸಂಹಿತೆ ಎಂಬ ಅಪರಾಧ ಕಾನೂನಿನ 291ನೇ ಸೆಕ್ಷನ್ ಪ್ರಕಾರ ಅಪರಾಧ. ಆದರೆ ಶಿಕ್ಷೆ ಬೇರೆ, ಪರಿಹಾರ ಬೇರೆ. ಪೊಲೀಸ್ ಕೇಸ್ ಹಾಕಿಬಿಟ್ಟರೆ ದುಡ್ಡು ತಾನಾಗಿ ಬರುತ್ತದೆ ಅಂತ ಸುಮ್ನೆ ಕೂರಬೇಡಿ.

ಮಾಲೀಕರ ಕಡೆಯವರು ಹೇಳುವುದು ಸಾಮಾನ್ಯವಾಗಿ ಎರಡೇ ಮಾತು. ನೀವೇ ಕೆಣಕಿದಿರಿ, ಇಲ್ಲವೇ ಅನುಮತಿ ಇಲ್ಲದೆ ಒಳಗೆ ಬಂದಿರಿ. ಎರಡಕ್ಕೂ ಬೆಲೆ ಇದೆ, ಪರಿಹಾರ ಕಡಿಮೆಯಾಗಬಹುದು ಅಥವಾ ಪೂರ್ತಿ ಹೋಗಬಹುದು. ಗೇಟಿಗೆ ತಗುಲಿಸಿದ 'ನಾಯಿ ಇದೆ ಎಚ್ಚರಿಕೆ' ಬೋರ್ಡು ಮಾತ್ರ ಅವರಂದುಕೊಂಡಷ್ಟು ಕಾಪಾಡುವುದಿಲ್ಲ, ಕೆಲವೊಮ್ಮೆ ಅದೇ ಬೋರ್ಡು ನಾಯಿ ಕಚ್ಚುತ್ತದೆಂದು ಅವರಿಗೆ ಗೊತ್ತಿತ್ತು ಅನ್ನುವುದಕ್ಕೆ ಸಾಕ್ಷಿಯಾಗಬಹುದು!

ಏನೇನು ಕೇಳಬಹುದು? ಆಸ್ಪತ್ರೆ ಬಿಲ್ಲು, ಓಡಾಟದ ಖರ್ಚು, ತಪ್ಪಿದ ಸಂಬಳ ಎಲ್ಲರಿಗೂ ನೆನಪಿಗೆ ಬರುತ್ತವೆ. ಮುಂದೆ ಮಾಡಿಸಬೇಕಾದ ಪ್ಲಾಸ್ಟಿಕ್ ಸರ್ಜರಿ, ಉಳಿದ ಕಲೆ, ಅನುಭವಿಸಿದ ನೋವು, ನಾಯಿ ಕಂಡರೆ ಬರುವ ಭಯ, ಇವನ್ನೂ ಕೇಳಬಹುದು. ಮಕ್ಕಳ ವಿಷಯದಲ್ಲಿ ಭಯದ ಭಾಗ ದೊಡ್ಡದು, ಕಡಿತ ಅವರ ಮುಖಕ್ಕೇ ಜಾಸ್ತಿ ಬೀಳುತ್ತದೆ ಅಲ್ವಾ.

ಅದಕ್ಕೇ ಹೇಳುವುದು, ವಾರದೊಳಗೆ "ಇಷ್ಟು ಇಟ್ಕೊಳ್ಳಿ, ಇಲ್ಲೊಂದು ಸಹಿ ಹಾಕಿ" ಅಂತ ಬಂದವರಿಗೆ ಸಹಿ ಹಾಕಬೇಡಿ. ಪೂರ್ಣ ತೀರುವಳಿ ಅಂತ ಬರೆದಿರುವ ಪತ್ರಕ್ಕೆ ಸಹಿ ಬಿದ್ದರೆ, ಆಮೇಲೆ ನಂಜು ಏರಿ ಮತ್ತೆ ಆಪರೇಷನ್ ಆದರೂ ಸಾಮಾನ್ಯವಾಗಿ ಕೇಳುವ ದಾರಿ ಇರುವುದಿಲ್ಲ. ಮಾಲೀಕರ ವಿಮೆ ಕಂಪನಿಯವರು ಫೋನ್ ಮಾಡಿ ನಿಮ್ಮ ಹೇಳಿಕೆ ರೆಕಾರ್ಡ್ ಮಾಡುತ್ತೇವೆ ಅಂದರೆ, ವಕೀಲರನ್ನು ಕೇಳಿ ಹೇಳುತ್ತೇನೆ ಅನ್ನಿ. ನಾಯಿ ಪಕ್ಕದ ಮನೆಯವರದ್ದು, ನೆಂಟರದ್ದು, ಹೇಗಪ್ಪಾ ಕೇಳೋದು ಅಂತ ಮುಜುಗರವಿದ್ದರೆ ಅವರಿಗೆ ಮನೆ ವಿಮೆ ಇದೆಯಾ ವಿಚಾರಿಸಿ. ಕೆಲವು ದೇಶಗಳಲ್ಲಿ ಅದರಲ್ಲೇ ನಾಯಿ ಕಡಿತವೂ ಸೇರಿರುತ್ತದೆ, ದುಡ್ಡು ಕಂಪನಿಯಿಂದ ಬರುತ್ತದೆ.

ಮಾಲೀಕರೇ ಇಲ್ಲದ ನಾಯಿಯಾದರೆ ಸ್ಥಳೀಯ ಆಡಳಿತವನ್ನು ಕೇಳುವ ದಾರಿ ಕೆಲವು ಕಡೆ ಇದೆ. ಅಲ್ಲಿ ನೋಟಿಸಿಗೆ ಬೇರೆಯೇ ಗಡುವು ಇರಬಹುದು, ಅದು ತುಂಬ ಕಡಿಮೆಯೂ ಇರಬಹುದು. ಸಾಮಾನ್ಯ ದಾವೆಗೂ ಗಡುವು ಇದ್ದೇ ಇದೆ. ಕ್ಯಾಲಿಫೋರ್ನಿಯಾದಲ್ಲಿ 2 ವರ್ಷ, ಇಂಗ್ಲೆಂಡಿನಲ್ಲಿ 3 ವರ್ಷ. ಗಾಯವಾದದ್ದು ಮಗುವಿಗಾದರೆ ಎಷ್ಟೋ ಕಡೆ ಈ ಲೆಕ್ಕ ಶುರುವಾಗುವುದು ಅದು ವಯಸ್ಕನಾದ ಮೇಲೆ, ಆದರೆ ಅಲ್ಲಿಯವರೆಗೆ ಸಾಕ್ಷಿ ಹೇಳುವವರು ಊರಲ್ಲೇ ಇರುತ್ತಾರೆ ಅನ್ನುವ ಗ್ಯಾರಂಟಿ ಇಲ್ಲ.