ಮೊದಲು ಬಿಡುವ ಜಾಗ, ಆಮೇಲೆ ಮನೆ

ಬಳ್ಳಾರಿಯಲ್ಲಿ 19 ವರ್ಷದಿಂದ ಪ್ಲಾನ್ ಹಾಕುತ್ತಿದ್ದೇನೆ. ಕೌಲ್ ಬಜಾರ್ ಕಡೆಯ ಒಂದು 40-60 ಸೈಟಿನ ಪ್ಲಾನು ಹೋದ ವರ್ಷ ಎರಡನೇ ಸಲಕ್ಕೆ ಪಾಸಾಯಿತು. ಕೆಳಗೆ ಜೀನ್ಸ್ ಹೊಲಿಗೆ, ಮೇಲೆ ಮನೆ. ಆಗಲ್ಲ ಅಂದವರೇ ಜಾಸ್ತಿ. ಅದಕ್ಕೇ ಬರೆಯುತ್ತಿದ್ದೇನೆ.

ಮೊದಲು ನಾನು ಕಳೆದುಕೊಂಡ ದುಡ್ಡಿನ ಮಾತು. 2012ರ ಸುಮಾರಿಗೆ ಗೋಡೌನ್ ಕಟ್ಟೋಣ ಅಂತ ಊರ ಹೊರಗಿನ ಒಂದು ಜಾಗಕ್ಕೆ ಒಂದೂವರೆ ಲಕ್ಷ ಮುಂಗಡ ಕೊಟ್ಟೆ. "ಎನ್‌ಎ ಆಗಿದೆ ಸಾರ್, ಇನ್ನೇನು ಬೇಕು?" ಅಂದ ದಲ್ಲಾಳಿ. ಎನ್‌ಎ ಅಂದರೆ ಕೃಷಿ ಜಮೀನನ್ನು ಬೇರೆ ಬಳಕೆಗೆ ಬದಲಾಯಿಸುವುದು. ಇಲ್ಲಿ ಅದು ಆಗಿದ್ದು ವಾಸಕ್ಕೆ. ಊರಿನ ಮಾಸ್ಟರ್ ಪ್ಲಾನ್ ನಕ್ಷೆಯಲ್ಲಿ ಆ ಜಾಗ ಹಳದಿ, ಅಂದರೆ ವಾಸದ ವಲಯ. 1961ರ ನಗರ ಯೋಜನೆ ಕಾಯ್ದೆಯ 14-ಎ ಪ್ರಕಾರ ಬಳಕೆ ಬದಲಾವಣೆಗೆ ಮಾಲೀಕರಿಂದ ಅರ್ಜಿ ಹಾಕಿಸಿದೆ. ಪೇಪರಿನಲ್ಲಿ ಪ್ರಕಟಣೆ ಬಂತು. ಅಕ್ಕಪಕ್ಕದವರು ತಕರಾರು ಹಾಕಿದರು. ಲಾರಿ ಓಡಾಡಿದರೆ ಮಕ್ಕಳು ಎಲ್ಲಿ ಆಡಬೇಕು ಅಂತ ಅವರ ಪ್ರಶ್ನೆ. ಅದು ಸರಿಯಾದ ಪ್ರಶ್ನೆಯೇ. ಅರ್ಜಿ ವಾಪಸ್ ತೆಗೆಸಿದೆ. ಎಂಟು ತಿಂಗಳು ಹೋಯಿತು, ಮುಂಗಡದಲ್ಲಿ ವಾಪಸ್ ಬಂದದ್ದು 40 ಸಾವಿರ. ಅಂದಿನಿಂದ ಸೈಟಿನ ರೇಟು ಕೇಳುವ ಮೊದಲು ನಕ್ಷೆಯ ಬಣ್ಣ ನೋಡುತ್ತೇನೆ. ವಾಸಕ್ಕೆ ಹಳದಿ, ವ್ಯಾಪಾರಕ್ಕೆ ನೀಲಿ, ಕೈಗಾರಿಕೆಗೆ ನೇರಳೆ, ಪಾರ್ಕಿಗೆ ಹಸಿರು.

ಕೌಲ್ ಬಜಾರಿನ ಸೈಟೂ ಹಳದಿಯೇ. ಮಾಲೀಕರಿಗೆ ಹೊಲಿಗೆ, ಜೀನ್ಸ್ ತೊಳೆಯುವ ವಾಷಿಂಗ್, ಮನೆ ಮೂರೂ ಒಂದೇ ಕಡೆ ಬೇಕಿತ್ತು. ವಾಸದ ವಲಯಕ್ಕೆ ಎರಡು ಪಟ್ಟಿ ಇರುತ್ತೆ. ನೇರವಾಗಿ ಒಪ್ಪುವ ಬಳಕೆ ಒಂದು, ವಿಶೇಷ ಸಂದರ್ಭದಲ್ಲಿ ಯೋಜನಾ ಪ್ರಾಧಿಕಾರ ಒಪ್ಪುವ ಬಳಕೆ ಇನ್ನೊಂದು. ಎರಡನ್ನೂ ಸಾಲು ಸಾಲಾಗಿ ಓದಿ, 12 ಮಿಷನ್ನಿನ ಹೊಲಿಗೆಯನ್ನು ಮಿತಿಯೊಳಗೆ ಕೂರಿಸಿದೆ. ವಾಷಿಂಗ್ ಮಾತ್ರ ಕೂರಲ್ಲ, ಕೂರಲೂಬಾರದು. ಆ ನೀಲಿ ನೀರು ಪಕ್ಕದ ಮನೆಯ ಬೋರಿಗೆ ಇಳಿದರೆ ಏನು ಗತಿ? "ಅದನ್ನ ಮುಂಡರಗಿ ಕೈಗಾರಿಕಾ ಪ್ರದೇಶಕ್ಕೇ ಕಳಿಸಿ ಅಣ್ಣ" ಅಂದೆ. ಮಾಲೀಕರು ಹದಿನೈದು ದಿನ ಫೋನೇ ಎತ್ತಲಿಲ್ಲ. ಆಮೇಲೆ ಅವರೇ ಬಂದರು.

ನನ್ನ ಕ್ರಮ ಹೀಗೆ. ಸೈಟಿನ ಅಂಚಿನಲ್ಲಿ ಕಟ್ಟದೆ ಬಿಡುವ ಜಾಗವನ್ನು ಮೊದಲು ಕೆಂಪು ಪೆನ್ನಿನಲ್ಲಿ ಗೆರೆ ಹೊಡೆದುಬಿಡುತ್ತೇನೆ. ರೂಮುಗಳ ಯೋಚನೆ ಆಮೇಲೆ. ಇಲ್ಲಿ ಮುಂದೆ 10 ಅಡಿ, ಹಿಂದೆ 6, ಎರಡೂ ಪಕ್ಕ 5. ಉಳಿದದ್ದು 30-44, ಅಂದರೆ 1320 ಚದರಡಿ. "ಇಷ್ಟು ಬಿಟ್ರೆ ಉಳಿಯೋದೇನು ಸಾರ್?" ಅಂದ ಮೇಸ್ತ್ರಿ. ಮೆಟ್ಟಿಲು ಮತ್ತು ಓಣಿಯಲ್ಲಿ ಹಾಳಾಗುವ ಜಾಗ ಸುಮಾರು 150 ಚದರಡಿ ಉಳಿಸಿ ತೋರಿಸಿದೆ. ಮೆಟ್ಟಿಲನ್ನು ಎಲ್ಲಿ ತಿರುಗಿಸಿದೆ ಅನ್ನೋದು ನನ್ನಲ್ಲೇ ಇರಲಿ. ಹತ್ತು ವರ್ಷದ ಕೆಲಸ ಅದು.

ಈ ಸೈಟಿಗೆ ನಾನು ಹಾಕಿದ ಮೊದಲ ಡ್ರಾಯಿಂಗ್ ವಾಪಸ್ ಬಂದಿತ್ತು. ಪತ್ರದಲ್ಲಿ ರಸ್ತೆ 30 ಅಡಿ ಅಂತಿತ್ತು, ನಾನು ನಂಬಿದ್ದೆ. ಟೇಪ್ ಹಿಡಿದರೆ ಒಂದು ಕೊನೆಯಲ್ಲಿ 25. ಎಫ್‌ಎಆರ್ (ಸೈಟಿನ ಅಳತೆಗೆ ಒಟ್ಟು ಎಷ್ಟು ಪಟ್ಟು ಕಟ್ಟಬಹುದು ಅನ್ನೋ ಲೆಕ್ಕ), ಎತ್ತರ ಎಲ್ಲ ರಸ್ತೆಯ ಅಗಲದ ಮೇಲೆ ನಿಂತಿರುತ್ತೆ. ಮತ್ತೆ ಲೆಕ್ಕ ಹಾಕಿ ಮೂರನೇ ಮಹಡಿ ಕೈಬಿಟ್ಟೆವು. ಈಗ ಮೂರು ಕಡೆ ಅಳೆಯದೆ ಪೆನ್ಸಿಲ್ ಮುಟ್ಟಲ್ಲ.

ಈ ನಡುವೆ ಒಂದು ಪರೀಕ್ಷೆ ಮಾಡಿದೆ. ಗೋಡೆ ಎದ್ದ ಮೇಲೆ, ಮೇ ತಿಂಗಳ ಮಧ್ಯಾಹ್ನ ಪಕ್ಕದ 5 ಅಡಿ ಸಂದಿಯಲ್ಲಿ ಊದುಬತ್ತಿ ಹಚ್ಚಿಟ್ಟೆ. ಹೊಗೆ ಹಿಂದಿನಿಂದ ಮುಂದಕ್ಕೆ ಸರಾಗ ಹರಿಯಿತು. ಅದೇ ಬೀದಿಯಲ್ಲಿ ಎರಡಡಿ ಸಂದಿ ಬಿಟ್ಟ ಮನೆಯ ಹತ್ತಿರ ಹೊಗೆ ನಿಂತಲ್ಲೇ ನಿಂತಿತು. ಒಳಗೆ ಥರ್ಮಾಮೀಟರ್ ಇಟ್ಟರೆ ಎರಡು ಮನೆಗೂ ಮೂರು ಡಿಗ್ರಿಯಷ್ಟು ವ್ಯತ್ಯಾಸ. ನಮ್ಮ ಬಿಸಿಲಿನಲ್ಲಿ ಮೂರು ಡಿಗ್ರಿ ಅಂದರೆ ಸುಮ್ನೆ ಮಾತಲ್ಲ. ಸಂದಿಯಲ್ಲಿ ಬೇವು ನೆಟ್ಟು ನೋಡಿದ್ದು ಮಾತ್ರ ಫಲ ಕೊಡಲಿಲ್ಲ. ಬೇರು ಪಾಯದ ಕಡೆ ಹೊರಟಿತು, ಕಿತ್ತೆ.

ಖರ್ಚಿನ ಮಾತು ಕೇಳುವವರಿಗೆ ಹಳೆಯ ಒಂದು ಕೆಲಸ ಹೇಳುತ್ತೇನೆ. ಆ ಮಾಲೀಕರು ನನ್ನ ಮಾತು ಕೇಳದೆ ಪಕ್ಕದ ಜಾಗದ ಮೇಲೆ ಸ್ಲ್ಯಾಬ್ ಚಾಚಿದರು. ಒಡೆದು ಸರಿಮಾಡಲು ಮೂರು ಲಕ್ಷದ ಹತ್ತಿರ ಹೋಯಿತು. ಕೌಲ್ ಬಜಾರಿನಲ್ಲಿ ಒಡೆಯುವ ಖರ್ಚು ಒಂದು ರೂಪಾಯಿಯೂ ಬರಲಿಲ್ಲ.

ಅದೇ ಮೇಸ್ತ್ರಿ ಈಗ ಸಿರುಗುಪ್ಪ ರಸ್ತೆಯ ಒಂದು ಮೂಲೆ ಸೈಟಿನಲ್ಲಿ ನನ್ನ ಜೊತೆ ಇದ್ದಾನೆ. ಮೊನ್ನೆ ನಾನು ಹೋಗುವಷ್ಟರಲ್ಲಿ ನಾಲ್ಕೂ ಕಡೆ ಸುಣ್ಣದ ಗೆರೆ ಹಾಕಿಟ್ಟಿದ್ದ.