ಗಿಟ್ಟಲಿಲ್ಲ ಅಕ್ಕಾ

ನಮ್ಮ ತರಬೇತಿಯ ಮೊದಲ ಬ್ಯಾಚಿಗೆ ಸರ್ಟಿಫಿಕೇಟ್ ಕೊಟ್ಟ ದಿನ ತೆಗೆಸಿದ ಗುಂಪು ಫೋಟೋ ಈಗಲೂ ನನ್ನ ಮೇಜಿನ ಡ್ರಾಯರಿನಲ್ಲಿದೆ. ಹೊಲಿಗೆ ಕಲಿತವರು ಒಂದು ಕಡೆ, ಮೊಬೈಲ್ ರಿಪೇರಿ ಕಲಿತವರು ಇನ್ನೊಂದು ಕಡೆ. ಹೆಚ್ಚಿನವರು ಶಾಲೆಯನ್ನು ಅರ್ಧಕ್ಕೆ ಬಿಟ್ಟವರು, ಹದಿನೆಂಟು ಇಪ್ಪತ್ತರ ವಯಸ್ಸು. ನಾಲ್ಕು ತಿಂಗಳಾದ ಮೇಲೆ ಒಬ್ಬೊಬ್ಬರಿಗೂ ಫೋನ್ ಮಾಡುತ್ತಾ ಹೋದೆ. ಕಲಿತ ಕೆಲಸವನ್ನೇ ಮಾಡುತ್ತಿದ್ದವರು ಅರ್ಧದಷ್ಟೂ ಇರಲಿಲ್ಲ. ಬಿಟ್ಟವರಲ್ಲಿ ಯಾರೂ ಕೆಲಸ ಬರಲಿಲ್ಲ ಅನ್ನಲಿಲ್ಲ. "ಗಿಟ್ಟಲಿಲ್ಲ ಅಕ್ಕಾ" ಅಂದರು. ಒಬ್ಬರಲ್ಲ, ಸುಮಾರು ಜನ ಅದೇ ಮಾತು.

ಅವರಲ್ಲಿ ಬ್ಯಾಗ್ ಹೊಲಿಯುತ್ತಿದ್ದ ಒಬ್ಬಳನ್ನು ಕರೆದು ಕೂರಿಸಿಕೊಂಡೆ. ಅಚ್ಚುಕಟ್ಟಾದ ಹುಡುಗಿ. ಬಟ್ಟೆ, ಅಸ್ತರು, ಜಿಪ್ಪು, ಕೊನೆಗೆ ದಾರದ ಉಂಡೆಯವರೆಗೆ ಎಲ್ಲ ಖರ್ಚೂ ಪುಸ್ತಕದಲ್ಲಿ ಬರೆದಿಟ್ಟಿದ್ದಳು. ಒಂದು ಬ್ಯಾಗಿಗೆ ಸಾಮಾನು 280, ಮಾರಿದ್ದು 400ಕ್ಕೆ. "ನೂರಾ ಇಪ್ಪತ್ತು ಲಾಭ" ಅಂದಳು. ಎಷ್ಟು ಹೊತ್ತು ಹಿಡಿಯಿತು ಎಂದು ಕೇಳಿದರೆ ಉತ್ತರ ಇಲ್ಲ, ಅದನ್ನು ಯಾರೂ ಕೇಳಿರಲೇ ಇಲ್ಲ. ಇಬ್ಬರೂ ಕೂತು ನೆನಪಿಸಿಕೊಂಡೆವು. ಕತ್ತರಿಸಿ ಹೊಲಿಯಲು ನಾಲ್ಕು ಗಂಟೆ, ಸಾಮಾನು ತರಲು ಒಂದು, ಹಿಡಿಕೆ ಗಿಡ್ಡವಾಯಿತು ಎಂದು ಗಿರಾಕಿ ವಾಪಸ್ ಕಳಿಸಿದ್ದಕ್ಕೆ ಇನ್ನೊಂದು. ಆರು ಗಂಟೆಗೆ 120, ಅಂದರೆ ಗಂಟೆಗೆ 20. ಸೂಜಿ ಮುರಿದದ್ದು, ಮೆಷಿನ್ನಿಗೆ ಎಣ್ಣೆ, ಕರೆಂಟು ಇದರಲ್ಲಿ ಸೇರಿಲ್ಲ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಕೂಲಿಗೆ ಹೋಗಿದ್ರೂ ಇದಕ್ಕಿಂತ ಜಾಸ್ತಿ ಸಿಗ್ತಿತ್ತು" ಅಂದಳು.

ತಪ್ಪು ಅವಳದಲ್ಲ. ಹೊಲಿಯುವುದನ್ನು ಕಲಿಸಿದ ನಾವು ಹೊಲಿದು ಬದುಕುವುದನ್ನು ಕಲಿಸಿರಲಿಲ್ಲ.

ಎರಡನೇ ಬ್ಯಾಚಿನಿಂದ ಮೊದಲ ದಿನವೇ ಪ್ರತಿಯೊಬ್ಬರಿಗೂ ಒಂದು ಪುಸ್ತಕ, ಅದರಲ್ಲಿ ಎರಡು ಕಾಲಂ: ಸಾಮಾನು, ಗಂಟೆ. ಅಭ್ಯಾಸಕ್ಕೆಂದು ಹೊಲಿದು ಬಿಚ್ಚುವ ತುಂಡಿಗೂ ಗಂಟೆ ಬರೆಯಬೇಕು. ಮೊಬೈಲ್ ಕಲಿಯುವವರಿಗೆ ಇದು ಇನ್ನೂ ಕಷ್ಟವಾಯಿತು. ಚಾರ್ಜಿಂಗ್ ಪೋರ್ಟ್ ಬದಲಿಸಲು ಹದಿನೈದು ನಿಮಿಷ ಸಾಕು, ಆದರೆ ತೊಂದರೆ ಪೋರ್ಟಿನಲ್ಲಿದೆಯೋ ಬ್ಯಾಟರಿಯಲ್ಲೋ ಬೋರ್ಡಿನಲ್ಲೋ ಎಂದು ಮಲ್ಟಿಮೀಟರ್ ಹಿಡಿದು ಹುಡುಕಲು ಮುಕ್ಕಾಲು ಗಂಟೆ. ಆ ಮುಕ್ಕಾಲು ಗಂಟೆಗೆ ಯಾರೂ ದುಡ್ಡು ಕೇಳುತ್ತಿರಲಿಲ್ಲ, "ನೋಡಿದ್ದಕ್ಕೆಲ್ಲ ಏನು ಕೇಳೋದು" ಎಂಬ ಸಂಕೋಚ. ಆ ಸಂಕೋಚ ಬಿಡಿಸಲು ಸಾಲ್ಡರಿಂಗ್ ಕಲಿಸಿದ್ದಕ್ಕಿಂತ ಹೆಚ್ಚು ದಿನ ಹಿಡಿಯಿತು.

ಪುಸ್ತಕ ಕೊಟ್ಟ ಮೇಲೆ ಇನ್ನೊಂದು ಹುಳುಕು ಹೊರಗೆ ಬಂತು. ಹಲವರಿಗೆ ಭಾಗಾಕಾರ ಬರುತ್ತಿರಲಿಲ್ಲ, ಕೆಲವರಿಗೆ ಒಂದು ಪ್ಯಾರಾ ತಡವರಿಸದೆ ಓದಲು ಆಗುತ್ತಿರಲಿಲ್ಲ. ಎಷ್ಟನೇ ತರಗತಿ ಎಂದು ಅರ್ಜಿಯಲ್ಲಿ ಬರೆದದ್ದಕ್ಕೂ ಇದಕ್ಕೂ ಸಂಬಂಧವೇ ಇರಲಿಲ್ಲ. ಇಲ್ಲಿ ನನಗೆ ದಾರಿ ತೋರಿಸಿದ್ದು ಮಕ್ಕಳ ಕಲಿಕೆಗಾಗಿ ದುಡಿಯುವ ಪ್ರಥಮ್ ಸಂಸ್ಥೆಯ ವಿಧಾನ. ಮಕ್ಕಳನ್ನು ವಯಸ್ಸು, ತರಗತಿ ನೋಡದೆ ಈಗ ಏನು ಬರುತ್ತದೆ ಎಂಬುದರ ಮೇಲೆ ಗುಂಪು ಮಾಡಿ, ಅಲ್ಲಿಂದಲೇ ಕಲಿಸುವುದು. ಇದನ್ನು ವರ್ಷಗಟ್ಟಲೆ ಪ್ರಯೋಗ ಮಾಡಿ ಪರೀಕ್ಷಿಸಿದವರಲ್ಲಿ ಅಭಿಜಿತ್ ಬ್ಯಾನರ್ಜಿ, ಎಸ್ತರ್ ಡುಫ್ಲೋ ಇದ್ದಾರೆ. 2019ರ ಅರ್ಥಶಾಸ್ತ್ರದ ನೊಬೆಲ್ ಅವರಿಬ್ಬರಿಗೂ ಮೈಕೆಲ್ ಕ್ರೆಮರ್ ಅವರಿಗೂ ಸಂದಿತು. ಆದರೆ ಅದು ಚಿಕ್ಕ ಮಕ್ಕಳಿಗೆ ಮಾಡಿದ್ದು. ಹತ್ತೊಂಬತ್ತು ವರ್ಷದವನನ್ನು ಎಲ್ಲರೆದುರು ಕಳೆಯುವ ಲೆಕ್ಕ ಮಾಡು ಎಂದರೆ ಮರುದಿನ ಬರುವುದಿಲ್ಲ. ಬಂದಿರಲಿಲ್ಲ ಕೂಡ, ಇಬ್ಬರು. ಆಮೇಲಿನಿಂದ ಸಾಮಾನು ಇಡುವ ಕೋಣೆಯಲ್ಲಿ ಒಬ್ಬೊಬ್ಬರನ್ನೇ ಕರೆದು, ಅಳತೆ ಟೇಪು ಕೈಗೆ ಕೊಟ್ಟು ಮಾತಾಡಿಸತೊಡಗಿದೆ. ಟೇಪಿನಲ್ಲಿ ಭಿನ್ನರಾಶಿಯೂ ಇದೆ, ಕೂಡುವುದು ಕಳೆಯುವುದೂ ಇದೆ, ಪರೀಕ್ಷೆ ಅನಿಸುವುದಿಲ್ಲ.

ಕಲಿಯುವಾಗಲೇ ಬಿಟ್ಟು ಹೋಗುವವರದು ಬೇರೆ ಕಥೆ. ಮೊದಲು ನಾನದನ್ನು ಸೋಮಾರಿತನ ಎಂದುಕೊಂಡಿದ್ದೆ, ಈಗ ನೆನೆದರೆ ನಾಚಿಕೆಯಾಗುತ್ತದೆ. ಕ್ಲಾಸಿನಲ್ಲಿ ಕೂತ ಪ್ರತಿ ದಿನವೂ ಮನೆಗೆ ಬರಬೇಕಾದ ಒಂದು ದಿನದ ದುಡಿಮೆ ಹೋಗುತ್ತದೆ. ಅವರಿಗೆ ಕಲಿಕೆಯೇ ಗಿಟ್ಟುತ್ತಿರಲಿಲ್ಲ. ಬಾಂಗ್ಲಾದೇಶದ ಬ್ರಾಕ್ ಸಂಸ್ಥೆ 2002ರಲ್ಲಿ ಕಡುಬಡವರಿಗೆಂದು ಶುರು ಮಾಡಿದ ಕಾರ್ಯಕ್ರಮದಲ್ಲಿ ಹಸು ಕುರಿಯಂಥ ಆಸ್ತಿ ಮತ್ತು ತರಬೇತಿಯ ಜೊತೆ ಕೆಲವು ತಿಂಗಳು ಹೊಟ್ಟೆಪಾಡಿನ ಭತ್ಯೆಯೂ ಇದೆ, ಎರಡು ವರ್ಷದವರೆಗೆ ಮನೆಗೇ ಬಂದು ವಿಚಾರಿಸುವವರೂ ಇದ್ದಾರೆ. ಆಸ್ತಿ ಕೊಡುವ ಶಕ್ತಿ ನಮಗಿರಲಿಲ್ಲ. ಭತ್ಯೆಗೆ ಒಂದಿಷ್ಟು ಹೊಂದಿಸಿದೆವು, ಕೋರ್ಸು ಮುಗಿದ ಮೇಲೂ ಹೋಗಿ ವಿಚಾರಿಸುವುದನ್ನು ಬಿಡಲಿಲ್ಲ. ಆ ಭೇಟಿಗಳಿಂದಲೇ ಗೊತ್ತಾದದ್ದು, ನಮ್ಮ ಮೂವರು ಹುಡುಗರನ್ನು ಕೆಲಸ ಕಲಿಸುತ್ತೇನೆಂದು ಇಟ್ಟುಕೊಂಡ ಒಬ್ಬ ಮಾಲೀಕ ತಿಂಗಳುಗಟ್ಟಲೆ ಬಿಡಿಗಾಸೂ ಕೊಡದೆ ದುಡಿಸುತ್ತಿದ್ದಾನೆ ಎಂದು. ಅಂದಿನಿಂದ ಕೆಲಸದ ಹೊತ್ತು, ಸಂಬಳ, ಯಾವ ತಿಂಗಳಿಂದ ಎಂಬುದು ಕಾಗದದ ಮೇಲೆ ಬರದೆ ಯಾರನ್ನೂ ಕಳಿಸುವುದಿಲ್ಲ.

ಸ್ವಂತ ಮೆಷಿನ್ ಬೇಕು ಅನ್ನುವವರಿಗೆ ಸಾಲದ ಪಾಠ ಮಾಡುತ್ತೇನೆ, ನನಗೆ ತುಂಬ ಇಷ್ಟದ ಪಾಠ. ಬೋರ್ಡಿನ ಮೇಲೆ ಬರೆಯುವುದು ಒಂದೇ ಲೆಕ್ಕ: 10,000 ಸಾಲ, ವರ್ಷಕ್ಕೆ ಶೇ. 12 ಫ್ಲ್ಯಾಟ್ ಬಡ್ಡಿ, ಹನ್ನೆರಡು ಕಂತು. ಬಡ್ಡಿ 1,200, ತಿಂಗಳ ಕಂತು ಸುಮಾರು 933. "ಶೇ. 12 ತಾನೇ, ಪರವಾಗಿಲ್ಲ" ಅನ್ನುತ್ತಾರೆ ಎಲ್ಲರೂ. ಆರನೇ ಕಂತು ಕಟ್ಟಿದ ದಿನ ನಿಮ್ಮ ಹತ್ತಿರ ಇನ್ನೂ ಹತ್ತು ಸಾವಿರ ಇದೆಯೇ ಎಂದು ಕೇಳುತ್ತೇನೆ. ಅರ್ಧ ಅಸಲು ಆಗಲೇ ವಾಪಸ್ ಹೋಗಿರುತ್ತದೆ, ಬಡ್ಡಿ ಮಾತ್ರ ಪೂರ್ತಿ ಹತ್ತು ಸಾವಿರಕ್ಕೆ. ಇಳಿಯುವ ಬಾಕಿಯ ಮೇಲೆ ಲೆಕ್ಕ ಹಾಕಿದರೆ ಅದು ಶೇ. 21ನ್ನೂ ದಾಟುತ್ತದೆ. ಈ ಲೆಕ್ಕ ಆದ ದಿನ ಕ್ಲಾಸಿನಲ್ಲಿ ಗಲಾಟೆಯೇ ಗಲಾಟೆ, ಮನೆಯಲ್ಲಿ ಯಾರ್ಯಾರು ಯಾವ್ಯಾವ ಸಾಲ ತಂದಿದ್ದಾರೆ ಎಂಬುದೆಲ್ಲ ಹೊರಬೀಳುತ್ತದೆ.

ಕಿರುಸಾಲ ಕೊಡಿಸಿದರೆ ಬಡತನ ಹೋಗುತ್ತದೆ ಎಂಬ ನಂಬಿಕೆ ನನಗೂ ಇತ್ತು. ಆರು ದೇಶಗಳ ಅಧ್ಯಯನಗಳು 2015ರಲ್ಲಿ ಒಟ್ಟಿಗೆ ಪ್ರಕಟವಾದಾಗ ಕಂಡದ್ದು, ಅದರಿಂದ ಸಣ್ಣಪುಟ್ಟ ಅನುಕೂಲ ಆಗುತ್ತದೆ, ಬದುಕು ಬದಲಾಗುವಷ್ಟು ಅಲ್ಲ ಎಂದು. ಹಾಗಾಗಿ ನಾವು ಹಿಡಿದದ್ದು ಹೊರಗಿನ ಸಾಲವನ್ನಲ್ಲ, ಹಲವು ದೇಶಗಳಲ್ಲಿ ಬಡವರಿಗಾಗಿ ಕೆಲಸ ಮಾಡುವ ಕೇರ್ ಸಂಸ್ಥೆ 1991ರಲ್ಲಿ ನೈಜರ್ ದೇಶದಲ್ಲಿ ಶುರು ಮಾಡಿದ ಉಳಿತಾಯ ಗುಂಪಿನ ಮಾದರಿಯನ್ನು. ಇಪ್ಪತ್ತು ಜನ, ಒಂದು ಪೆಟ್ಟಿಗೆ, ಮೂರು ಬೀಗ. ಕೀಲಿ ಮೂವರ ಹತ್ತಿರ, ಪೆಟ್ಟಿಗೆ ನಾಲ್ಕನೆಯವರ ಹತ್ತಿರ. ಗುಂಪಿನ ದುಡ್ಡಿನಿಂದಲೇ ಸದಸ್ಯರಿಗೆ ಸಾಲ, ವರ್ಷದ ಕೊನೆಗೆ ಉಳಿತಾಯಕ್ಕೆ ತಕ್ಕಂತೆ ಬಡ್ಡಿಯ ಪಾಲೂ ಸೇರಿಸಿ ಹಂಚಿಕೆ. ಮೊದಲ ವರ್ಷ ಕೀಲಿ ಕಳೆದುಕೊಂಡವರ ಜಗಳದಲ್ಲೇ ಎರಡು ಸಭೆ ಹಾಳಾದವು. ಆದರೂ ಎರಡು ಮೆಷಿನ್ ಬಂದದ್ದು ಆ ಪೆಟ್ಟಿಗೆಯಿಂದಲೇ.

ಬ್ಯಾಗಿನ ಹುಡುಗಿ ಈಗ ಬೆಲೆ ಹೇಳುವ ಮೊದಲು ಗಂಟೆ ಎಣಿಸುತ್ತಾಳೆ, ಗಿಟ್ಟದ ಆರ್ಡರ್ ಬಿಟ್ಟುಬಿಡುತ್ತಾಳೆ. ಮೊನ್ನೆ ನನ್ನ ಹಳೇ ಬ್ಯಾಗಿನ ಜಿಪ್ಪು ಕಿತ್ತುಹೋಗಿತ್ತು, ಅವಳಿಗೇ ಕೊಟ್ಟೆ. ಚೀಟಿಯಲ್ಲಿ ಮೂರು ಸಾಲು: ಜಿಪ್ಪು, ಹೊಲಿಗೆ ಅರ್ಧ ಗಂಟೆ, ಹಳೇ ಹೊಲಿಗೆ ಬಿಚ್ಚಿದ್ದು ಇಪ್ಪತ್ತು ನಿಮಿಷ. ಕಡಿಮೆ ಮಾಡು ಅನ್ನಲು ನನಗೆ ಬಾಯಿ ಬರಲಿಲ್ಲ.