ಚಂದ್ರನಿಗೆ 15 ಉಂಡೆ: ತ್ಸುಕಿಮಿ ದಾಂಗೊ ಮಾಡುವ ಕ್ರಮ

ಜಪಾನಿನ ಹಳೆಯ ಪಂಚಾಂಗದ ಎಂಟನೇ ತಿಂಗಳ 15ನೇ ರಾತ್ರಿ, ಎಂದರೆ ಈಗಿನ ಸೆಪ್ಟೆಂಬರಿನಲ್ಲಿ ಅಥವಾ ಅಕ್ಟೋಬರ್ ಆರಂಭದಲ್ಲಿ, ಚಂದ್ರನಿಗೆ ಸುಸುಕಿ ಹುಲ್ಲಿನ ತೆನೆಗಳ ಜೊತೆಗೆ ಅಕ್ಕಿ ಹಿಟ್ಟಿನ ಬಿಳಿ ಉಂಡೆಗಳನ್ನು ನೈವೇದ್ಯಕ್ಕಿಡುತ್ತಾರೆ. ಇವೇ ತ್ಸುಕಿಮಿ ದಾಂಗೊ, ಎಂದರೆ ಚಂದ್ರನನ್ನು ನೋಡುವ ರಾತ್ರಿಯ ಉಂಡೆಗಳು. ಬೇಕಾದದ್ದು ಹಿಟ್ಟು ಮತ್ತು ನೀರು ಮಾತ್ರ. ಆದರೂ ಹಲವರ ಉಂಡೆ ಬಿರುಕು ಬಿಡುತ್ತದೆ, ಇಲ್ಲವೇ ಒಳಗೆ ಹಸಿಯಾಗಿಯೇ ಉಳಿಯುತ್ತದೆ. ನಾದುವಾಗಿನ, ಬೇಯಿಸುವಾಗಿನ ಆತುರವೇ ಇದಕ್ಕೆ ಕಾರಣ.

ಅಂಟಕ್ಕಿಯಲ್ಲದ ಸಾಮಾನ್ಯ ಜಪಾನಿ ಅಕ್ಕಿಯ ನಯವಾದ ಹಿಟ್ಟು, ಜೋಶಿಂಕೊ, 200 ಗ್ರಾಂ ಇರಲಿ. ಬರಿಯ ಅಂಟಕ್ಕಿಯ ಶಿರಾತಮಾಕೊ ಬೇಡ, ಅದರ ಉಂಡೆಗಳು ಒಂದರ ಮೇಲೊಂದು ನಿಲ್ಲದೆ ಕುಸಿಯುತ್ತವೆ. ನಮ್ಮ ಅಂಗಡಿಗಳ ತರಿತರಿಯಾದ ರೊಟ್ಟಿ ಹಿಟ್ಟಂತೂ ಇದಕ್ಕೆ ಒಗ್ಗುವುದೇ ಇಲ್ಲ.

ಸುಮಾರು 170 ಮಿಲಿ ಲೀಟರ್ ನೀರನ್ನು ಕುದಿಸಿ, ಮೂರು ಸಲವಾಗಿ ಹಿಟ್ಟಿಗೆ ಸುರಿಯುತ್ತ ಸೌಟಿನ ಹಿಡಿಯಿಂದ ಕಲಕಬೇಕು. ಗೋಧಿಯಲ್ಲಿರುವಂಥ ಜಿಗುಟು ಅಕ್ಕಿಯಲ್ಲಿಲ್ಲವಾದ್ದರಿಂದ ಬಿಸಿನೀರಿಗೆ ಪಿಷ್ಟ ಬೆಂದರೆ ಮಾತ್ರ ಹಿಟ್ಟು ಕೂಡಿಕೊಳ್ಳುತ್ತದೆ. ತಣ್ಣೀರಿನಲ್ಲಿ ಎಷ್ಟು ಹೊತ್ತು ನಾದಿದರೂ ಪ್ರಯೋಜನವಿಲ್ಲ. ಕೈ ತಾಳುವಷ್ಟು ಬಿಸಿಯಿರುವಾಗಲೇ, ಕಿವಿಯ ಹಾಲೆಯಷ್ಟು ಮೆತ್ತಗಾಗುವವರೆಗೆ ನಾದಿ, ಹಿಡಿಯಷ್ಟು ತುಂಡುಗಳನ್ನು ಚಪ್ಪಟೆಯಾಗಿ ತಟ್ಟಿ, ಒದ್ದೆ ಬಟ್ಟೆಯ ಮೇಲೆ 20ರಿಂದ 25 ನಿಮಿಷ ಹಬೆಯಲ್ಲಿ ಬೇಯಿಸಿ. ಒಂದು ತುಂಡನ್ನು ಮುರಿದು ನೋಡಿ: ನಡುವೆ ಸುಣ್ಣದಂಥ ಬಿಳುಪು ಕಂಡರೆ ಇನ್ನೂ ಬೇಯಬೇಕು. ಹೆಚ್ಚಿನವರು ಇಲ್ಲಿಗೇ ನಿಲ್ಲಿಸಿ ಉಂಡೆ ಕಟ್ಟಿಬಿಡುತ್ತಾರೆ. ಹಾಗೆ ಮಾಡದೆ, ಬೆಂದದ್ದನ್ನು ಬಿಸಿಯಾಗಿಯೇ ಒದ್ದೆ ಮಾಡಿದ ಒನಕೆಯಿಂದ ಕುಟ್ಟಿ, ಕೈಯನ್ನು ಆಗಾಗ ತಣ್ಣೀರಿನಲ್ಲಿ ಅದ್ದಿಕೊಂಡು, ಮೇಲ್ಮೈ ಹೊಳೆಯುವವರೆಗೆ ಮತ್ತೆ ನಾದಬೇಕು.

ಅನಂತರ ಉದ್ದಕ್ಕೆ ಹೊಸೆದು, 15 ತುಂಡು ಮಾಡಿ ಉಂಡೆ ಕಟ್ಟಿ, ತಲೆಯನ್ನು ತುಸು ಒತ್ತಿ. ಪೂರ್ತಿ ದುಂಡಗಿನ ಉಂಡೆ ಮೃತರ ತಲೆದೆಸೆಯಲ್ಲಿಡುವ ಮಕುರಾ ದಾಂಗೊವನ್ನು ನೆನಪಿಸುತ್ತದೆಂದು ಅನೇಕರು ಪೂರ್ತಿ ದುಂಡಗೆ ಕಟ್ಟುವುದಿಲ್ಲ. ಬೀಸಣಿಗೆಯಿಂದ ಗಾಳಿ ಹಾಕಿ ಆರಿಸಿದರೆ ಹೊಳಪು ನಿಲ್ಲುತ್ತದೆ. ಹಸಿ ಹಿಟ್ಟಿನ ಉಂಡೆಗಳನ್ನೇ ನೀರಿನಲ್ಲಿ ಬೇಯಿಸುವ ಸುಲಭ ದಾರಿಯೂ ಇದೆ. ತಿನ್ನುವುದಕ್ಕಷ್ಟೇ ಆದರೆ ಅಡ್ಡಿಯಿಲ್ಲ, ನೈವೇದ್ಯಕ್ಕೆ ನಾನು ಒಪ್ಪುವುದಿಲ್ಲ.

ಮರದ ಪೀಠದ ಮೇಲೆ ಬಿಳಿ ಕಾಗದ ಹಾಸಿ, ಕೆಳಗೆ 9, ನಡುವೆ 4, ಮೇಲೆ 2 ಇಟ್ಟು ಜೋಡಿಸಿ. ಕ್ಯೋಟೊ ಕಡೆಯಲ್ಲಿ ಉಂಡೆಗೆ ಕೆಸುವಿನ ಗೆಡ್ಡೆಯ ಆಕಾರ ಕೊಟ್ಟು, ಸಿಹಿ ಕೆಂಪು ಕಾಳಿನ ಹೂರಣವನ್ನು ಸುತ್ತುತ್ತಾರೆ.

ಉಳಿದದ್ದನ್ನು ಫ್ರಿಜ್ಜಿನಲ್ಲಿಟ್ಟರೆ ಕಲ್ಲಾಗುತ್ತದೆ. ಮುಚ್ಚಿ ಹೊರಗೇ ಇಟ್ಟು, ಅದೇ ರಾತ್ರಿ ಕೆಂಡದ ಮೇಲೆ ಸುಟ್ಟು, ಸೋಯಾ ಸಾಸ್ ಮತ್ತು ಸಕ್ಕರೆ ಕುದಿಸಿದ ಪಾಕದಲ್ಲಿ ಹೊರಳಿಸಿ ತಿನ್ನಿ.